ಬೇರಿನ ಆಯಗಾರರು

ತಮ್ಮಾ,

ಈ ಹಿಂಗಾರಿಯಿಂದ ಹೊಲ ನಿನ್ನ ಕೈಗೆ ಬಂತು. ಏಳು ಎಕರೆ ಎರಿ, ಬದುವಿನ ಮೇಲೆ ನಾಲ್ಕು ಬೇವಿನ ಗಿಡ, ಒಂದು ಬಾವಿ. ಬಿತ್ತುವುದು, ಹರಗುವುದು ನಿನಗೆ ಹೊಸದಲ್ಲ. ಕೂರಿಗೆಯ ಹಿಂದೆ ಓಡಾಡಿಯೇ ಬೆಳೆದವನು ನೀನು. ಮೊನ್ನೆ ಅಕ್ಕಲಕೋಟೆಯ ಪೇಟೆಯಿಂದ ಕಡಲೆಗೆಂದು ನಾಲ್ಕು ಚೀಲ ಯೂರಿಯಾ ಹೇರಿಕೊಂಡು ಬಂದೆಯಲ್ಲ, ಆಗಲೇ ನಿನಗೊಂದು ಮಾತು ಹೇಳಬೇಕೆನ್ನಿಸಿತು. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು, ಅವರೆದುರು ಹೇಳಿದರೆ ನಿನ್ನ ಮನಸ್ಸಿಗೆ ಚುಚ್ಚೀತೆಂದು ಸುಮ್ಮನಾದೆ. ಚೀಲಗಳು ಇನ್ನೂ ಬಾಯಿ ಬಿಚ್ಚದೆ ಪಡಸಾಲೆಯಲ್ಲಿವೆ, ಕಡಲೆ ಗೇಣುದ್ದ ಬೆಳೆದಿದೆ. ಎಳ್ಳಮಾಸೆಗೆ ಇನ್ನೂ ಕೆಲವು ದಿನ ಇವೆ. ಅಷ್ಟರೊಳಗೆ ಇದನ್ನು ನಿಧಾನವಾಗಿ ಓದು.

ನಿನ್ನ ವಯಸ್ಸಿನಲ್ಲಿ ನಾನೂ ಇದನ್ನೇ ಮಾಡಿದವನು. ಕಡಲೆಗೆ ಯೂರಿಯಾ ಉಗ್ಗಿದೆ. ಹದಿನೈದು ದಿನದಲ್ಲಿ ಹೊಲ ಕಡುಹಸಿರಾಯಿತು, ಗಿಡ ಮೊಣಕಾಲು ಮುಟ್ಟಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೊಗಳಿದರು, ನಾನು ಉಬ್ಬಿದೆ. ರಾಶಿ ಮಾಡಿದ ದಿನ ಹೊಟ್ಟು ಬಹಳ, ಕಾಳು ಕಡಿಮೆ. ಏನೂ ಹಾಕದ ಪಕ್ಕದ ಹೊಲದವರ ಕಣದಲ್ಲಿ ನನಗಿಂತ ಹೆಚ್ಚು ಚೀಲ ತುಂಬಿದವು. ಆ ಹೊಲದ ಹಿರಿಯರು ಒಂದು ಮಾತೂ ಆಡಿಕೊಳ್ಳಲಿಲ್ಲ. ಮರುವರ್ಷ ಕಡಲೆ ಹೂಬಿಟ್ಟಾಗ ನನ್ನನ್ನು ಕರೆದು ತಮ್ಮ ಹೊಲದ ಒಂದು ಗಿಡದ ಸುತ್ತ ಕುರುಪಿಯಿಂದ ಮಣ್ಣು ಸಡಿಲಿಸಿ ಮೆಲ್ಲಗೆ ಎತ್ತಿದರು. ಬೇರಿನ ತುಂಬ ಎಳ್ಳಿನಷ್ಟು, ಜೋಳದಷ್ಟು, ಅದಕ್ಕೂ ದಪ್ಪ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿ ತೋರಿಸಿದರು. ಒಳಗೆ ಎಳೆ ಕೂಸಿನ ಒಸಡಿನಂತೆ ಕೆಂಪು. “ಇದು ಕೆಂಪಗಿರುವ ತನಕ ನೀನು ಅಂಗಡಿಗೆ ಹೋಗಬೇಡ” ಎಂದರು. ನನಗೆ ಸಿಕ್ಕ ಕಿವಿಮಾತು ಅಷ್ಟೇ. ಅದು ಏಕೆ ನಿಜ ಎಂದು ತಿಳಿಯಲು ನನಗೆ ಮುಂದೆ ಎಷ್ಟೋ ವರ್ಷ ಹಿಡಿಯಿತು. ನಿನಗೆ ಅಷ್ಟು ಹಿಡಿಯಬಾರದೆಂದು ಬರೆಯುತ್ತಿದ್ದೇನೆ.

ಯೂರಿಯಾ ಗಿಡಕ್ಕೆ ಕೊಡುವ ಆಹಾರಕ್ಕೆ ನಿನ್ನ ಕನ್ನಡ ಶಾಲೆಯ ಪುಸ್ತಕದಲ್ಲಿ ಸಾರಜನಕ ಎಂದಿತ್ತು, ಇಲ್ಲಿಯ ಗೊಬ್ಬರದ ಚೀಲದ ಮೇಲೆ ಮರಾಠಿಯಲ್ಲಿ ನತ್ರ ಎಂದಿರುತ್ತದೆ. ಎರಡೂ ಒಂದೇ. ಗಾಳಿಯ ನೂರರಲ್ಲಿ 78 ಪಾಲು ಅದೇ ಇದೆ. ಒಂದು ಎಕರೆ ಹೊಲದ ಮೇಲೆ ಆಕಾಶದವರೆಗೆ ನಿಂತಿರುವ ಗಾಳಿಯನ್ನು ತೂಗಿದರೆ ಅದರಲ್ಲಿ ಸುಮಾರು 30,000 ಟನ್ ಸಾರಜನಕ ಸಿಕ್ಕೀತು. ನೀನು ತಂದ 45 ಕಿಲೋ ಚೀಲದಲ್ಲಿರುವುದು 21 ಕಿಲೋಗಿಂತ ಒಂದಿಷ್ಟು ಕಡಿಮೆ. ಇಷ್ಟು ಸಿರಿಯ ನಡುವೆ ನಿಂತೂ ಜೋಳ ಹಳದಿಯಾಗಿ ಸೊರಗುತ್ತದೆ. ಕಾರಣ, ಗಾಳಿಯ ಸಾರಜನಕದ ಎರಡೆರಡು ಪರಮಾಣುಗಳು ಮೂರು ಎಳೆಯ ಹಗ್ಗ ಹೊಸೆದು ಕಟ್ಟಿದ ಹಾಗೆ ಒಂದಕ್ಕೊಂದು ಬಿಗಿದುಕೊಂಡಿವೆ. ಆ ಕಟ್ಟು ಬಿಚ್ಚಿ ಕೊಟ್ಟರೆ ಮಾತ್ರ ಬೇರು ಉಣ್ಣಬಲ್ಲದು.

ಆ ಕಟ್ಟು ಬಿಚ್ಚುವುದನ್ನು ಮನುಷ್ಯ ಕಲಿತದ್ದು ತೀರ ಈಚೆಗೆ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹಾಬರ್ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ದೊಡ್ಡದು ಮಾಡಿ, 1913ರಲ್ಲಿ ಓಪ್ಪಾವ್ ಎಂಬಲ್ಲಿ ಕಾರ್ಖಾನೆ ಶುರುವಾಯಿತು. ಅಲ್ಲಿ 400 ಡಿಗ್ರಿಗೂ ಮೀರಿದ ಕಾವು ಬೇಕು, ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ನೂರಾರು ಪಟ್ಟು ಒತ್ತಡ ಬೇಕು. ನಮ್ಮ ದೇಶದ ಯೂರಿಯಾ ಕಾರ್ಖಾನೆಗಳಿಗೆ ಬೇಕಾದ ನೈಸರ್ಗಿಕ ಅನಿಲದಲ್ಲಿ ಬಹುಪಾಲು ಹಡಗಿನಲ್ಲಿ ಪರದೇಶದಿಂದ ಬರುತ್ತದೆ. ಅದೇ ಕೆಲಸವನ್ನು ಕಡಲೆಯ ಗಂಟಿನೊಳಗಿನ ಬ್ಯಾಕ್ಟೀರಿಯಾ ಈ ಮಣ್ಣಿನ ಕಾವಿನಲ್ಲೇ, ಸದ್ದಿಲ್ಲದೆ ಮಾಡುತ್ತದೆ. ಅದರ ಕೈಯಲ್ಲಿರುವ ಹತಾರ ಒಂದು ಕಿಣ್ವ, ಹೆಸರು ನೈಟ್ರೋಜಿನೇಸ್. ಅದರ ನಟ್ಟನಡುವೆ ಕಬ್ಬಿಣವೂ ಮಾಲಿಬ್ಡಿನಮ್ ಎಂಬ ಲೋಹವೂ ಕೂತಿವೆ.

1880ರ ದಶಕದಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಈ ಗಂಟುಗಳ ಗುಟ್ಟು ತೆರೆದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಗಂಟಿನಿಂದ ಆ ಜೀವವನ್ನು ಬೇರ್ಪಡಿಸಿ ಬೆಳೆಸಿದ. ನಮ್ಮ ಹಿರಿಯರಿಗೆ ಆ ಹೆಸರುಗಳು ಗೊತ್ತಿರಲಿಲ್ಲ, ಅದರ ಫಲ ಗೊತ್ತಿತ್ತು. ಅದಕ್ಕೇ ಜೋಳ, ಸಜ್ಜೆಗಳ ನಡುವೆ ತೊಗರಿಯ ಅಕ್ಕಡಿ ಸಾಲು ಬಿಡುತ್ತಿದ್ದರು, ಮುಂಗಾರಿಯಲ್ಲಿ ಹೆಸರು ತೆಗೆದ ಹೊಲಕ್ಕೆ ಹಿಂಗಾರಿಯಲ್ಲಿ ಜೋಳ ಹಾಕುತ್ತಿದ್ದರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿನ್ನ ಮುತ್ತಜ್ಜನ ಕಾಲದಲ್ಲಿ ರಾಶಿಯ ದಿನ ಕಣಕ್ಕೆ ಬಡಿಗ, ಕಂಬಾರ, ಕುಂಬಾರ ಎಲ್ಲರೂ ಬರುತ್ತಿದ್ದರು. ವರ್ಷವೆಲ್ಲ ಕೂರಿಗೆ ಕೆತ್ತಿದವನಿಗೆ, ಕುಡ ಹಣಿದವನಿಗೆ ಮೊರದಲ್ಲಿ ಜೋಳ ಅಳೆದು ಕೊಟ್ಟ ಮೇಲೆಯೇ ಉಳಿದದ್ದು ಮನೆಗೆ. ಅದಕ್ಕೆ ಆಯ ಎನ್ನುತ್ತಿದ್ದರು, ಪಡೆಯುವವರು ಆಯಗಾರರು. ಆ ಪದ್ಧತಿಯಲ್ಲಿ ಮೇಲುಕೀಳಿನ ಅನ್ಯಾಯ ಬೇಕಾದಷ್ಟಿತ್ತು, ಅದನ್ನು ನಾನು ಹೊಗಳುತ್ತಿಲ್ಲ. ದುಡಿದವನ ಪಾಲು ಮೊದಲು ಎಂಬ ಲೆಕ್ಕವೊಂದನ್ನೇ ನೆನಪಿಸುತ್ತಿದ್ದೇನೆ. ಬೇರಿನಲ್ಲಿಯೂ ಇದೇ ಲೆಕ್ಕ ನಡೆದಿದೆ. ಎಲೆ ಬಿಸಿಲಿನಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲು ಕೆಳಗಿಳಿದು ಗಂಟಿಗೆ ಹೋಗುತ್ತದೆ. ಒಂದು ಗ್ರಾಂ ಸಾರಜನಕ ಸಿಗಬೇಕಾದರೆ ಗಿಡ ಸುಮಾರು ಆರು ಗ್ರಾಂ ಇಂಗಾಲ ತೆರಬೇಕು. ಪುಕ್ಕಟೆ ಏನೂ ಇಲ್ಲ. ಸೋಯಾಬೀನಿನ ಮೇಲೆ ನಡೆದ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಕಂಡಿದೆ: ಆಯ ಪಡೆದೂ ದುಡಿಯದ ಗಂಟಿಗೆ ಗಿಡ ಉಸಿರನ್ನೇ ಕಡಿಮೆ ಮಾಡುತ್ತದೆ.

ನೀನು ಹೊಲದ ಯಜಮಾನ. ಈ ಆಯಗಾರರಿಗೆ ಏನೇನು ಬೇಕೋ ಅದನ್ನು ಒದಗಿಸುವುದೇ ನಿನ್ನ ಕೆಲಸ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಬೇರಿಗೆ ಹಸಿವಿರಬೇಕು. ಸಾರಜನಕ ಸಾಲದೆ ಬಂದಾಗ ಬೇರು ಒಂದು ಬಗೆಯ ರಸ ಸ್ರವಿಸಿ ಮಣ್ಣಿನಲ್ಲಿರುವ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾವನ್ನು ಕರೆಯುತ್ತದೆ. ಅದೂ ತನ್ನ ರಸದಿಂದ ಉತ್ತರ ಕೊಡುತ್ತದೆ. ಆಗ ಬೇರಿನ ಸಣ್ಣ ರೋಮ ಕೊಕ್ಕೆಯ ಹಾಗೆ ಬಾಗಿ ಬಂದವರನ್ನು ಒಳಗೆ ಕರೆದುಕೊಳ್ಳುತ್ತದೆ, ಅಲ್ಲಿ ಗಂಟು ಕಟ್ಟುತ್ತದೆ. ಕೈಗೆ ಸಿಗುವ ಹಾಗೆ ಯೂರಿಯಾ ಬಿದ್ದಿದ್ದರೆ ಹಸಿವಿಲ್ಲದ ಬೇರು ಯಾರನ್ನೂ ಕರೆಯುವುದಿಲ್ಲ. ಮೊದಲೇ ಕಟ್ಟಿದ್ದ ಗಂಟುಗಳಿಗೂ ಸಕ್ಕರೆ ಕಳಿಸುವುದನ್ನು ನಿಲ್ಲಿಸುತ್ತದೆ, ಅವು ಸೊರಗುತ್ತವೆ. ನನ್ನ ಹೊಲದಲ್ಲಿ ಆದದ್ದು ಇದೇ. ನಾನು ದುಡ್ಡು ಕೊಟ್ಟು ತಂದ ಯೂರಿಯಾ ನನಗೆ ದುಡ್ಡಿಲ್ಲದೆ ಬರಬೇಕಾಗಿದ್ದುದನ್ನು ತಡೆದು ನಿಲ್ಲಿಸಿತ್ತು.

ಹಾಗೆಂದು ಒಂದು ಹರಳೂ ಹಾಕಬೇಡ ಎನ್ನುವುದಿಲ್ಲ. ಗಂಟು ಕಟ್ಟಿ ಕೆಲಸ ಶುರುವಾಗಲು ಮೂರು-ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಎಳೆಯ ಗಿಡಕ್ಕೆ ಬುತ್ತಿಯ ಹಾಗೆ ಸ್ವಲ್ಪ ಸಾರಜನಕ ಬೇಕು. ಬಿತ್ತುವಾಗ ಎಕರೆಗೆ 10 ಕಿಲೋ ಸಾರಜನಕ, 20 ಕಿಲೋ ರಂಜಕ ಎಂಬ ಕೃಷಿ ವಿಜ್ಞಾನಿಗಳ ಶಿಫಾರಸು ಇದಕ್ಕೇ ಇದೆ. ಒಂದು ಚೀಲ ಡಿಎಪಿಯಲ್ಲಿ ಹೆಚ್ಚುಕಡಿಮೆ ಅಷ್ಟು ಬರುತ್ತದೆ. ನೀನು ಬಿತ್ತುವಾಗ ಅದನ್ನು ಕೊಟ್ಟಾಗಿದೆ. ಬುತ್ತಿ ಮುಗಿದ ಮೇಲೆ ಗಿಡ ದುಡಿದು ಉಣ್ಣಲಿ.

ಎರಡನೆಯದು ಉಸಿರು. ಇಲ್ಲಿ ಒಂದು ನಾಜೂಕಿನ ವಿಷಯ ಇದೆ. ನೈಟ್ರೋಜಿನೇಸ್‌ಗೆ ಆಮ್ಲಜನಕ ತಾಗಿದರೆ ಅದು ಕೆಟ್ಟುಹೋಗುತ್ತದೆ. ಆದರೆ ಬ್ಯಾಕ್ಟೀರಿಯಾಕ್ಕೆ ದುಡಿಯುವ ಶಕ್ತಿ ಬರಬೇಕಾದರೆ ಆಮ್ಲಜನಕ ಬೇಕೇ ಬೇಕು. ಗಿಡ ಇದಕ್ಕೆ ಕಂಡುಕೊಂಡ ದಾರಿ ನೋಡು: ಗಂಟಿನೊಳಗೆ ಲೆಗ್‌ಹಿಮೋಗ್ಲೋಬಿನ್ ಎಂಬುದನ್ನು ತುಂಬಿಟ್ಟಿದೆ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನ ದಾಯಾದಿ ಅದು. ಆಮ್ಲಜನಕವನ್ನು ಹಿಡಿದುಕೊಂಡು ಬೇಕಾದಷ್ಟನ್ನೇ ಅಳೆದು ಕೊಡುತ್ತದೆ, ಕಿಣ್ವಕ್ಕೆ ತಾಗಗೊಡುವುದಿಲ್ಲ. ಆ ಕೆಂಪು ಬಣ್ಣ ಅದರದು. ಅದಕ್ಕೇ ಕೆಂಪು ಕಂಡರೆ ಕೆಲಸ ನಡೆದಿದೆ ಎಂದು ಅರ್ಥ.

ಆದ್ದರಿಂದ ಮಣ್ಣಿನಲ್ಲಿ ಗಾಳಿಯಾಡಬೇಕು. ನಮ್ಮ ಎರಿ ಒಳ್ಳೆಯ ನೆಲ, ಆದರೆ ಅದರ ಸ್ವಭಾವ ಬಿಗಿ. ನೀರು ಕುಡಿದರೆ ಉಬ್ಬಿ ರಂಧ್ರಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಸೆಪ್ಟೆಂಬರಿನ ಜಡಿಮಳೆಯಲ್ಲಿ ತೊಗರಿಯ ಹೊಲದಲ್ಲಿ ಎರಡು-ಮೂರು ದಿನ ನೀರು ನಿಂತರೆ ಎಲೆ ಹಳದಿಯಾಗುವುದನ್ನು ನೋಡಿದ್ದೀಯಲ್ಲ? ಬೇರೂ ಗಂಟೂ ಉಸಿರುಗಟ್ಟಿರುತ್ತವೆ. ನೀರು ಹೊರಗೆ ಹೋಗಲು ಬದುವಿನ ತಗ್ಗಿನ ಮೂಲೆಯಲ್ಲಿ ದಾರಿ ಮಾಡು. ತೇವ ಹದಕ್ಕೆ ಬಂದ ಕೂಡಲೆ ಎಡೆ ಹೊಡೆ. ಎಡೆ ಹೊಡೆಯುವುದು ಕಸ ತೆಗೆಯಲು ಮಾತ್ರ ಎಂದುಕೊಂಡಿದ್ದೆ ನಾನು. ಮಣ್ಣಿಗೆ ಉಸಿರು ಕೊಡುವುದೂ ಅದೇ.

ಮೂರನೆಯದು ನೀರು. ಹೆಚ್ಚಾದರೆ ಹೇಗೆ ಕೆಡುಕೋ ಕಡಿಮೆಯಾದರೂ ಹಾಗೆಯೇ. ಬರ ಬಿದ್ದಾಗ ಎಲೆ ಬಾಡುವುದಕ್ಕಿಂತ ಮೊದಲೇ ಗಂಟಿನ ಕೆಲಸ ನಿಧಾನವಾಗುತ್ತದೆ. ನಮ್ಮದು ಮಳೆ ಕಣ್ಣುಮುಚ್ಚಾಲೆ ಆಡುವ ನಾಡು. ಇಲ್ಲಿ ಬಿದ್ದ ಹನಿಯನ್ನು ಬಿದ್ದಲ್ಲೇ ಹಿಡಿಯುವುದನ್ನು ಕಲಿಯಲೆಂದೇ 1933ರಲ್ಲಿ ಸೊಲ್ಲಾಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು, ಅದರ ಜೋಡಿಗೆ ಬಿಜಾಪುರದಲ್ಲಿಯೂ. ಬದು ಹಾಕು, ಇಳಿಜಾರಿಗೆ ಅಡ್ಡ ಬಿತ್ತು, ತಿಪ್ಪೆ ಗೊಬ್ಬರ ಹಾಕು, ಹರಗಿ ತೇವ ಮುಚ್ಚು ಎಂದು ಅವರು ಹೇಳಿದ್ದು ಜೋಳಕ್ಕೆ ಎಷ್ಟೋ ಕಣ್ಣಿಗೆ ಕಾಣದ ಈ ಜೀವಕ್ಕೂ ಅಷ್ಟೇ ಅನ್ವಯ. ಸೊಲ್ಲಾಪುರದ ಶರಣ ಸಿದ್ಧರಾಮ ಕೆರೆ ಕಟ್ಟಿಸುವುದನ್ನೇ ಕಾಯಕವೆಂದು ತಿಳಿದ ನಾಡಿನ ಜನ ನಾವು. ಅವನ ಗಡ್ಡಾ ಜಾತ್ರೆಗೆ ಸೊಲ್ಲಾಪುರಕ್ಕೆ ಹೋದಾಗ ಅವನ ಕೆರೆಯ ದಂಡೆಯ ಮೇಲೆ ನಿಂತು ನಿನ್ನ ಹೊಲದ ಬದುವನ್ನೂ ಒಮ್ಮೆ ನೆನೆದುಕೋ.

ನಾಲ್ಕನೆಯದು ಕಾವು. 25ರಿಂದ 30 ಡಿಗ್ರಿ ಈ ಬ್ಯಾಕ್ಟೀರಿಯಾಗಳಿಗೆ ಹಿತ. 40 ದಾಟಿದರೆ ಬಹಳಷ್ಟು ಸಾಯುತ್ತವೆ. ನಮ್ಮ ಚೈತ್ರ-ವೈಶಾಖದ ಬಿಸಿಲು ನಿನಗೆ ಗೊತ್ತೇ ಇದೆ. ಬರಿಮೈಯ ಕರಿನೆಲ ಗಾಳಿಗಿಂತ ಹೆಚ್ಚು ಕಾಯುತ್ತದೆ. ಆದ್ದರಿಂದ ತೊಗರಿಯ ಕಸರು, ಉದುರಿದ ಎಲೆ, ಕಬ್ಬಿನ ರವದಿ ಇವನ್ನು ನೆಲದ ಮೇಲೆ ಹೊದಿಕೆಯಾಗಿ ಬಿಡು. ಕಡ್ಡಿ ಗೀರಿದರೆ ಹೊಲ ಒಂದು ತಾಸಿನಲ್ಲಿ ಸ್ವಚ್ಛವಾಗುತ್ತದೆ ನಿಜ, ಮೇಲ್ಮಣ್ಣಿನ ಜೀವವೂ ಅದರ ಜೊತೆ ಹೋಗುತ್ತದೆ. ರವದಿಗೆ ಬೆಂಕಿ ಹಚ್ಚುವವರನ್ನು ನೋಡಿದಾಗ ನನ್ನ ಹೊಟ್ಟೆಯೇ ಉರಿಯುತ್ತದೆ, ತಮ್ಮಾ.

ಐದನೆಯದು ಖನಿಜ. ಸಾರಜನಕದ ಕಟ್ಟು ಬಿಚ್ಚಲು ಬಹಳ ಶಕ್ತಿ ಬೇಕು, ಆ ಶಕ್ತಿಯ ನಾಣ್ಯ ರಂಜಕದಿಂದ ಆಗುತ್ತದೆ. ಮರಾಠಿಯಲ್ಲಿ ಸ್ಫುರದ ಎನ್ನುತ್ತಾರಲ್ಲ, ಅದೇ. ನಮ್ಮ ಎರಿಯಲ್ಲಿ ಸುಣ್ಣದ ಹರಳು ಬಹಳ, ಮಣ್ಣು ಕ್ಷಾರದ ಕಡೆಗೆ ವಾಲಿದೆ. ಸುಣ್ಣ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಬ್ಬಿಣವನ್ನೂ ಬೇರಿಗೆ ಸಿಗಗೊಡುವುದಿಲ್ಲ. ಶೇಂಗಾದ ಎಳೆಯ ಎಲೆ ನರ ಹಸಿರಿದ್ದು ನಡುವೆ ಬಿಳಿಚಿಕೊಂಡರೆ ಅದು ಕಬ್ಬಿಣದ ಕೊರತೆ, ಯೂರಿಯಾದ ಕೊರತೆ ಅಲ್ಲ. ಇದನ್ನು ತಪ್ಪು ತಿಳಿದು ಎಷ್ಟೋ ಜನ ಮತ್ತೆ ಯೂರಿಯಾ ಸುರಿಯುತ್ತಾರೆ. ತಿಪ್ಪೆ ಗೊಬ್ಬರ ಹಾಕಿದರೆ ಈ ಎರಡೂ ಬೇರಿಗೆ ಸಲೀಸಾಗಿ ಸಿಗುತ್ತವೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಬೇರೆಯೇ ಇವೆ, ರೈಜೋಬಿಯಂ ಜೊತೆಗೆ ಅವನ್ನೂ ಬೀಜಕ್ಕೆ ಹಚ್ಚಬಹುದು. ಎರಡು ವರ್ಷಕ್ಕೊಮ್ಮೆಯಾದರೂ ಮಣ್ಣಿನ ಪರೀಕ್ಷೆ ಮಾಡಿಸು. ಬಾವಿಯ ನೀರು ಸವುಳಾಗಿದ್ದರೆ ಅದನ್ನೂ ಪರೀಕ್ಷಿಸು. ಉಪ್ಪೇರಿದ ನೆಲದಲ್ಲಿ ಗಂಟು ಕಟ್ಟುವುದು ಕಷ್ಟ.

ಆರನೆಯದು, ತಕ್ಕ ನೆಂಟಸ್ತಿಕೆ. ಎಲ್ಲ ಬೇರಿಗೂ ಎಲ್ಲ ಬ್ಯಾಕ್ಟೀರಿಯಾ ಒಗ್ಗುವುದಿಲ್ಲ. ಕಡಲೆಗೆ ಒಂದು ಬಗೆ, ತೊಗರಿ-ಶೇಂಗಾಕ್ಕೆ ಇನ್ನೊಂದು, ಸೋಯಾಬೀನಿಗೆ ಮತ್ತೊಂದು. ತಲೆಮಾರುಗಳಿಂದ ತೊಗರಿ, ಕಡಲೆ ಬೆಳೆದ ನೆಲದಲ್ಲಿ ಅವುಗಳ ನೆಂಟರು ಒಂದಿಷ್ಟು ಇದ್ದೇ ಇರುತ್ತಾರೆ. ಸೋಯಾಬೀನು ಈ ಕಡೆಗೆ ಈಚೆಗೆ ಬಂದ ಬೆಳೆ. ಎಂದೂ ಬೆಳೆಯದ ಹೊಲದಲ್ಲಿ ಅದನ್ನು ಬಿತ್ತುವುದಾದರೆ ಅದರದೇ ಜೀವಾಣು ಗೊಬ್ಬರ ಹಚ್ಚದೆ ಬಿತ್ತಬೇಡ.

ಆ ಜೀವಾಣು ಗೊಬ್ಬರದ ಪಾಕೀಟಿನ ವಿಷಯದಲ್ಲಿಯೂ ನಾನು ಒಮ್ಮೆ ಮೋಸ ಹೋಗಿದ್ದೇನೆ. ಅಂಗಡಿಯೊಂದರಿಂದ ತಂದದ್ದು, ತಾರೀಖು ನೋಡಲಿಲ್ಲ. ಅದು ಬಿಸಿಲು ಬೀಳುವ ತಗಡಿನ ಕೆಳಗೆ ತಿಂಗಳುಗಟ್ಟಲೆ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ನಾನು ಬೀಜಕ್ಕೆ ಹಚ್ಚಿದ್ದು ಸತ್ತ ಕರಿಪುಡಿ. ಹಾಗಾಗಿ ನೆನಪಿಟ್ಟುಕೋ: ಪಾಕೀಟಿನೊಳಗೆ ಇರುವುದು ಜೀವ, ಮದ್ದಲ್ಲ. ಬೆಳೆಯ ಹೆಸರು, ಮುಗಿಯುವ ತಾರೀಖು ಎರಡನ್ನೂ ಓದಿ ತೆಗೆದುಕೋ. ಮನೆಯಲ್ಲಿ ನೀರಿನ ಗಡಿಗೆಯ ಹತ್ತಿರ ತಂಪಿನಲ್ಲಿಡು. 250 ಗ್ರಾಂ ಪಾಕೀಟು 10 ಕಿಲೋ ಬೀಜಕ್ಕೆ ಸಾಕು. ಬೆಲ್ಲದ ನೀರು ಕಾಯಿಸಿ, ಪೂರ್ತಿ ಆರಿದ ಮೇಲೆ ಪುಡಿ ಕಲಸಿ, ಬೀಜಕ್ಕೆ ಮೆಲ್ಲಗೆ ಸವರು, ಸಿಪ್ಪೆ ಏಳದ ಹಾಗೆ. ನೆರಳಿನಲ್ಲಿ ಆರಿಸು, ಅಂದೇ ಬಿತ್ತು. ಬೂಷ್ಟಿನ ಔಷಧಿ ಹಚ್ಚುವುದಿದ್ದರೆ ಅದನ್ನು ಮೊದಲು ಹಚ್ಚಿ ಒಣಗಿಸಿ, ಇದನ್ನು ಕಟ್ಟಕಡೆಗೆ ಹಚ್ಚು. ಯಾವ ಗೊಬ್ಬರದ ಜೊತೆಗೂ ಬೆರೆಸಬೇಡ.

ಇನ್ನೊಂದು ನಿಜ ಹೇಳದೆ ಬಿಟ್ಟರೆ ನಿನಗೆ ಅರ್ಧ ಮಾತು ಹೇಳಿದಂತಾಗುತ್ತದೆ. ಬೇಳೆಕಾಳು ಬೆಳೆದ ಮಾತ್ರಕ್ಕೆ ನೆಲ ಸಿರಿವಂತ ಆಗುವುದಿಲ್ಲ. ಗಂಟು ಗಳಿಸಿದ ಸಾರಜನಕದ ದೊಡ್ಡ ಪಾಲು ಕಾಳಿಗೆ ಹೋಗಿ ಪ್ರೋಟೀನು ಆಗುತ್ತದೆ. ತೊಗರಿಬೇಳೆಯ ಸಾರು, ಸೊಲ್ಲಾಪುರದ ಶೇಂಗಾ ಚಟ್ನಿ, ಎಳ್ಳಮಾಸೆಯ ಭಜ್ಜಿ ನಮ್ಮ ಮೈಗೆ ಕಸುವು ಕೊಡುವುದು ಅದರಿಂದಲೇ. ಕಾಳು ಪೇಟೆಗೆ ಹೋಯಿತು, ಹೊಟ್ಟು ದನಕ್ಕೆ ಹೋಯಿತು, ಬೇರನ್ನೂ ಕಿತ್ತು ಒಲೆಗೆ ಹಾಕಿದರೆ ನೆಲಕ್ಕೆ ಏನು ಉಳಿಯಿತು? ನೆಲಕ್ಕೆ ಉಳಿಯುವುದು ಉದುರಿದ ಎಲೆ, ಕೊಳೆತ ಬೇರು, ಮರಳಿ ಬಂದ ಸಗಣಿ. ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಕೇಂದ್ರದಲ್ಲಿ ತೊಗರಿಯ ನಂತರ ಮೆಕ್ಕೆಜೋಳ ಬೆಳೆದು ನೋಡಿದಾಗ, ಹೆಕ್ಟೇರಿಗೆ ಸುಮಾರು 40 ಕಿಲೋ ಸಾರಜನಕ ಹಾಕಿದಷ್ಟು ಲಾಭ ಕಂಡಿತು. ಆ ಲಾಭ ನಿನಗೂ ಬೇಕೆಂದರೆ ತೊಗರಿಯನ್ನು ಕೊಯ್ಯಿ, ಕೀಳಬೇಡ. ಬೇರು ನೆಲದಲ್ಲಿಯೇ ಇರಲಿ. ಅದು ನೆಲದ ಆಯ.

ಜೋಳಕ್ಕೆ ಗಂಟು ಕಟ್ಟುವ ಭಾಗ್ಯ ಇಲ್ಲ. ಅದರ ಬೇರಿನ ಸುತ್ತ ಅಜೋಸ್ಪಿರಿಲಂ, ಅಜೋಟೋಬ್ಯಾಕ್ಟರ್ ಎಂಬವು ಸ್ವತಂತ್ರವಾಗಿ ಇದ್ದು ಸ್ವಲ್ಪಮಟ್ಟಿಗೆ ಇದೇ ಕೆಲಸ ಮಾಡುತ್ತವೆ. ಅವುಗಳಿಗೆ ಸಕ್ಕರೆಯ ಖಾಯಂ ಆಯ ಸಿಗುವುದಿಲ್ಲ, ಬೇರಿನಿಂದ ಸೋರುವ ಅಷ್ಟಿಷ್ಟು ರಸ, ಮಣ್ಣಿನಲ್ಲಿ ಕೊಳೆಯುವ ಸೊಪ್ಪು-ಸದೆಯೇ ಆಹಾರ. ಸೊಪ್ಪಿಲ್ಲದ ಹೊಲಕ್ಕೆ ಅವನ್ನು ತಂದು ಹಾಕಿದರೆ ಉಪವಾಸ ಬೀಳುತ್ತವೆ. ಆದ್ದರಿಂದ ಬದುವಿಗೆ ಗ್ಲಿರಿಸಿಡಿಯಾ ಹಚ್ಚು. ಅದರ ಬೇರಿನಲ್ಲಿಯೂ ಗಂಟು ಇವೆ. ಸೊಪ್ಪು ಕಡಿದು ಜೋಳದ ಹೊಲಕ್ಕೆ ಹಾಕಿದರೆ ಬದು ಗಳಿಸಿದ್ದು ಹೊಲಕ್ಕೆ ಬರುತ್ತದೆ. ಸೊಲ್ಲಾಪುರದ ಒಣಬೇಸಾಯ ಕೇಂದ್ರದವರು ಇಂಥ ಸೊಪ್ಪಿನ ಗೊಬ್ಬರವನ್ನು ಹಿಂಗಾರಿ ಜೋಳದಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಜೋಳಕ್ಕೆ ಯೂರಿಯಾ ಬೇಕಾದೀತು, ಹಾಕು. ನಿನ್ನ ನಾಲ್ಕು ಚೀಲಗಳಿಗೆ ಅಲ್ಲಿ ಕೆಲಸ ಇದೆ. ನನಗೆ ಯೂರಿಯಾದ ಮೇಲೆ ಸಿಟ್ಟಿಲ್ಲ, ನೋಡದೆ ಹಾಕುವುದರ ಮೇಲೆ ಸಿಟ್ಟು.

ಕೊನೆಯದಾಗಿ ನಿನ್ನಿಂದ ಒಂದೇ ಬೇಡಿಕೆ. ಎಳ್ಳಮಾಸೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ನಿನ್ನ ಅವ್ವ ಸಜ್ಜೆಯ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಬರುತ್ತಾಳೆ. ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲುತ್ತೇವೆ. ಆ ಹೊತ್ತಿಗೆ ಕಡಲೆ ಹೂವಿನ ಮೇಲೆ ಇರುತ್ತದೆ, ಗಂಟು ತುಂಬು ಪ್ರಾಯದಲ್ಲಿರುತ್ತವೆ. ಇನ್ನೂ ತಡಮಾಡಿದರೆ ಕಾಯಿ ತುಂಬುವ ಹೊತ್ತಿಗೆ ಅವು ಹಸಿರಾಗಿ ಮುದಿಯಾಗುತ್ತವೆ, ಅದು ಸಹಜ. ಚರಗ ಚೆಲ್ಲಿ ಆದ ಮೇಲೆ ಕುರುಪಿ ತೆಗೆದುಕೊಂಡು ಹೊಲದ ಐದು ಕಡೆ ಒಂದೊಂದು ಗಿಡ ಎತ್ತು. ಜಗ್ಗಬೇಡ, ಗಂಟು ಮಣ್ಣಿನಲ್ಲೇ ಉಳಿದಾವು. ಬೇರನ್ನು ನೀರಿನಲ್ಲಿ ಅದ್ದಿ ತೊಳೆದು, ಗಂಟುಗಳನ್ನು ಎಣಿಸು, ಉಗುರಿನಿಂದ ಸೀಳಿ ನೋಡು. ಬಿಳಿಯೋ ಬೂದಿಯೋ ಕಂಡರೆ ಆಯಗಾರರಿಗೆ ಏನೋ ಸಿಗುತ್ತಿಲ್ಲ ಎಂದು ಅರ್ಥ. ಮೇಲೆ ಹೇಳಿದ ಆರರಲ್ಲಿ ಯಾವುದು ಎಂದು ಇಬ್ಬರೂ ಕೂತು ಹುಡುಕೋಣ. ಕೆಂಪು ಕಂಡರೆ ಚೀಲಗಳ ಬಾಯಿ ಬಿಚ್ಚದೆ ಹಾಗೆಯೇ ಜೋಳದ ಹೊಲದ ಕಡೆ ಹೊರು.

ನಾನು ಬದುವಿನ ಬೇವಿನ ಕೆಳಗೆ ಕೂತಿರುತ್ತೇನೆ. ಕಣ್ಣು ಮೊದಲಿನಂತಿಲ್ಲ. ಸೀಳಿದ ಗಂಟನ್ನು ಬೆರಳಿನ ಮೇಲಿಟ್ಟುಕೊಂಡು ನನ್ನ ಹತ್ತಿರ ತಾ, ಬಣ್ಣ ಯಾವುದೆಂದು ನೀನೇ ಹೇಳು.